ಷೇರು ಕೊಳ್ಳುವ ಮೊದಲು ಕಂಪನಿ ನಡೆಸುವವರನ್ನು ಅಳೆಯುವುದು ಹೇಗೆ?

‘ಕಂಪನಿ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಡೆಸುವವರು ಎಂಥವರು ಎಂದು ನಮ್ಮಂಥ ಸಣ್ಣ ಹೂಡಿಕೆದಾರರಿಗೆ ಗೊತ್ತಾಗುವುದು ಹೇಗೆ?’ ಓದುಗರು ನನ್ನನ್ನು ಬೇರೆಲ್ಲಕ್ಕಿಂತ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಬಿಡಿಬಿಡಿಯಾಗಿ ಉತ್ತರಿಸುವ ಬದಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಮೂವತ್ತು–ನಲವತ್ತರ ಸೈಟು ಕೊಳ್ಳುವವರು ತಾಯಿಪತ್ರ ಕೇಳುತ್ತಾರೆ, ಹಳೆಯ ವರ್ಷಗಳ ಋಣಭಾರ ಪ್ರಮಾಣಪತ್ರ ತೆಗೆಸುತ್ತಾರೆ, ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡುತ್ತಾರೆ, ಎಲ್ಲವನ್ನೂ ವಕೀಲರ ಮುಂದೆ ಇಡುತ್ತಾರೆ. ಚೀಟಿ ಹಾಕುವಾಗಲೂ ನಡೆಸುವವರು ಯಾರು, ಹಿಂದಿನ ಚೀಟಿಯ ಹಣ ಸರಿಯಾಗಿ ಕೊಟ್ಟರೇ ಎಂದು ವಿಚಾರಿಸದೆ ಕೈ ಹಾಕುವುದಿಲ್ಲ. ಷೇರಿನ ವಿಷಯದಲ್ಲೂ ಬೇಕಾಗಿರುವುದು ಇದೇ ವಿಚಾರಣೆ. ಷೇರು ಕೊಳ್ಳುವುದೆಂದರೆ ನಮ್ಮ ಹಣವನ್ನು ಮುಖಪರಿಚಯವಿಲ್ಲದ ಕೆಲವರ ಕೈಗೆ ಒಪ್ಪಿಸುವುದು. ಅವರು ಟಿವಿಯಲ್ಲಿ ಏನು ಮಾತನಾಡಿದರು ಎಂಬುದಕ್ಕಿಂತ, ಹಿಂದೆ ಇತರರ ಹಣವನ್ನು ಹೇಗೆ ಬಳಸಿದರು ಎಂಬುದರಲ್ಲಿ ಅವರ ಗುಣ ಕಾಣುತ್ತದೆ. ಆ ದಾಖಲೆಗಳೆಲ್ಲ ಬಹಿರಂಗವಾಗಿಯೇ ಇವೆ.

ಏನೇನು ಬೇಕು

ಕಂಪನಿಯ ಕಳೆದ ಐದು ವರ್ಷಗಳ ವಾರ್ಷಿಕ ವರದಿ, ಕಳೆದ ಎಂಟು ತ್ರೈಮಾಸಿಕಗಳ ಷೇರುದಾರಿಕೆ ವಿವರ, ಫಲಿತಾಂಶದ ನಂತರ ಕಂಪನಿಯವರು ವಿಶ್ಲೇಷಕರ ಜೊತೆ ನಡೆಸುವ ದೂರವಾಣಿ ಸಭೆಯ ಲಿಖಿತ ರೂಪ. ಜೊತೆಗೆ ಒಂದು ನೋಟ್‌ಬುಕ್ ಮತ್ತು ಎರಡು ಭಾನುವಾರ. ಜೆ.ಸಿ. ರಸ್ತೆಯಲ್ಲಿ ಬೆಂಗಳೂರು ಷೇರು ವಿನಿಮಯ ಕೇಂದ್ರ ನಡೆಯುತ್ತಿದ್ದ ದಿನಗಳಲ್ಲಿ ವಾರ್ಷಿಕ ವರದಿಯ ಪುಸ್ತಕ ಅಂಚೆಯಲ್ಲಿ ಬರುವವರೆಗೆ ಕಾಯಬೇಕಿತ್ತು. ಆ ಕೇಂದ್ರ 2014ರಲ್ಲಿ ವ್ಯವಹಾರದಿಂದ ಹಿಂದೆ ಸರಿಯಿತು. ಈಗ ಮುಂಬೈನ ಎರಡು ದೊಡ್ಡ ಷೇರುಪೇಟೆಗಳಾದ ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಲ್ಲಿ ಕಂಪನಿಯ ಹೆಸರು ಹುಡುಕಿದರೆ ಇವೆಲ್ಲ ಉಚಿತವಾಗಿ ಸಿಗುತ್ತವೆ.

ವರದಿಗಳು ಇಂಗ್ಲಿಷಿನಲ್ಲಿವೆ ಎಂಬುದು ನಮ್ಮ ಅನೇಕ ಓದುಗರಿಗೆ ನಿಜವಾದ ತೊಡಕು. ಇದಕ್ಕಾಗಿ ಹಿಂಜರಿಯಬೇಡಿ. ಮುನ್ನೂರು ಪುಟದ ವರದಿಯಲ್ಲಿ ನಮಗೆ ಬೇಕಾದದ್ದು ಮೂವತ್ತು ಪುಟ. ಪ್ರತಿ ವರ್ಷವೂ ಅದೇ ಪದಗಳು, ಅದೇ ಪಟ್ಟಿಗಳು ಮರಳಿ ಬರುತ್ತವೆ. ಎರಡನೆಯ ಕಂಪನಿಗೆ ಬರುವಷ್ಟರಲ್ಲಿ ಕಣ್ಣು ಪಳಗಿರುತ್ತದೆ.

1. ಪ್ರವರ್ತಕರ ಪಾಲು ಮತ್ತು ಅಡವು ನೋಡಿ

ಪ್ರವರ್ತಕರು ಎಂದರೆ ಕಂಪನಿಯನ್ನು ಕಟ್ಟಿದವರು ಅಥವಾ ಅದರ ಹಿಡಿತ ಹೊಂದಿರುವವರು. ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಅವರ ಪಾಲು ಎಷ್ಟು ಎಂಬ ವಿವರವನ್ನು ಕಂಪನಿ ಷೇರುಪೇಟೆಗೆ ಸಲ್ಲಿಸಬೇಕು. ಎಂಟು ತ್ರೈಮಾಸಿಕಗಳ ಅಂಕಿಗಳನ್ನು ಸಾಲಾಗಿ ಬರೆದುಕೊಳ್ಳಿ. ಮಕ್ಕಳ ಮದುವೆಗೋ ಮನೆಗೋ ಒಮ್ಮೆ ಸ್ವಲ್ಪ ಮಾರಿದರೆ ಗಾಬರಿಯಿಲ್ಲ. ‘ಮುಂದಿನ ವರ್ಷ ಅದ್ಭುತವಾಗಿರುತ್ತದೆ’ ಎಂದು ಹೇಳುತ್ತಲೇ ಪ್ರತಿ ತ್ರೈಮಾಸಿಕದಲ್ಲೂ ಮಾರುತ್ತಿದ್ದರೆ ನಿಲ್ಲಿ.

ಅದೇ ಪಟ್ಟಿಯಲ್ಲಿ ಅಡವಿಟ್ಟ ಷೇರುಗಳ ಅಂಕಣವಿದೆ. ಒಡವೆ ಅಡವಿಟ್ಟು ಸಾಲ ಪಡೆಯುವಂತೆ ಪ್ರವರ್ತಕರು ತಮ್ಮ ಷೇರುಗಳನ್ನು ಒತ್ತೆಯಿಟ್ಟು ಹಣ ಎತ್ತುತ್ತಾರೆ. ವ್ಯತ್ಯಾಸ ಇಷ್ಟೇ: ಒಡವೆಯ ಬೆಲೆ ಒಂದೇ ದಿನದಲ್ಲಿ ಅರ್ಧಕ್ಕೆ ಇಳಿಯುವುದಿಲ್ಲ, ಷೇರಿನದು ಇಳಿಯಬಹುದು. ಇಳಿದಾಗ ಸಾಲ ಕೊಟ್ಟವರು ಆ ಷೇರುಗಳನ್ನು ಪೇಟೆಯಲ್ಲಿ ಸುರಿಯುತ್ತಾರೆ, ಬೆಲೆ ಇನ್ನೂ ಕುಸಿಯುತ್ತದೆ. ಸುಳ್ಳು ಲೆಕ್ಕದ ಹಗರಣದಲ್ಲಿ ಕುಸಿದ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಪ್ರವರ್ತಕರ ಅಡವಿನ ಷೇರುಗಳನ್ನು ಸಾಲದಾತರು ಹೀಗೆಯೇ ಮಾರಿದರು. ಆ ಹಗರಣದ ಬೆನ್ನಲ್ಲೇ, 2009ರ ಜನವರಿಯಲ್ಲಿ, ಅಡವಿನ ವಿವರ ಬಹಿರಂಗಪಡಿಸುವುದನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಕಡ್ಡಾಯ ಮಾಡಿತು. ಪ್ರವರ್ತಕರ ಪಾಲಿನ ಕಾಲು ಭಾಗಕ್ಕಿಂತ ಹೆಚ್ಚು ಅಡವಿನಲ್ಲಿದ್ದರೆ ನಾನು ಆ ಕಂಪನಿಯನ್ನು ಅಲ್ಲಿಗೇ ಬಿಡುತ್ತೇನೆ. ಇದು ಕಾನೂನಿನ ಮಿತಿಯಲ್ಲ, ನನ್ನದು.

2. ಹಳೆಯ ವರದಿಯಿಂದ ಹೊಸದರ ಕಡೆಗೆ ಓದಿ

ಬಹುತೇಕರು ಇತ್ತೀಚಿನ ವರದಿಯನ್ನು ಮಾತ್ರ ತೆರೆಯುತ್ತಾರೆ. ಅದರಲ್ಲಿ ಎಲ್ಲವೂ ಮುಂದೆ ಆಗಲಿರುವುದೇ. ನೀವು ಐದು ವರ್ಷ ಹಿಂದಿನ ವರದಿಯಿಂದ ತೊಡಗಿ. ಅಧ್ಯಕ್ಷರ ಪತ್ರ ಹಾಗೂ ಆಡಳಿತ ವರ್ಗದ ಚರ್ಚೆ ಮತ್ತು ವಿಶ್ಲೇಷಣೆ ಎಂಬ ಅಧ್ಯಾಯ, ಇವೆರಡನ್ನು ಓದುತ್ತ ನೋಟ್‌ಬುಕ್ಕಿನ ಎಡ ಪುಟದಲ್ಲಿ ಅವರು ಕೊಟ್ಟ ಮಾತನ್ನೂ ಬಲ ಪುಟದಲ್ಲಿ ನಂತರದ ವರ್ಷಗಳಲ್ಲಿ ಆದದ್ದನ್ನೂ ಬರೆಯಿರಿ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ. ಎಡಗಡೆ: ‘2021: ಎರಡನೇ ಘಟಕ 18 ತಿಂಗಳಲ್ಲಿ ಆರಂಭ.’ ಬಲಗಡೆ: ‘2022: ಯಂತ್ರಗಳು ಬರುವುದು ತಡ. 2023: ಘಟಕದ ಪ್ರಸ್ತಾಪವೇ ಇಲ್ಲ. 2024: ಮಾರುಕಟ್ಟೆಯ ಸ್ಥಿತಿ ನೋಡಿ ಮುಂದೂಡಲಾಗಿದೆ.’ ಯಂತ್ರ ತಡವಾಗುವುದು ಯಾರಿಗೂ ತಪ್ಪಿದ್ದಲ್ಲ. ನಾನು ಕೆಂಪು ಗೆರೆ ಎಳೆದದ್ದು 2023ರ ಸಾಲಿನ ಕೆಳಗೆ. ಎರಡು ವರ್ಷ ಪುಟಗಟ್ಟಲೆ ವರ್ಣಿಸಿದ ಘಟಕದ ಬಗ್ಗೆ ಷೇರುದಾರರಿಗೆ ಒಂದು ವಾಕ್ಯವನ್ನೂ ಬರೆಯದೆ ದಾಟಿಹೋದವರು, ನಾಳೆ ಇನ್ನೂ ದೊಡ್ಡ ಸುದ್ದಿಯನ್ನು ಹೀಗೆಯೇ ದಾಟಿಸಬಹುದು. ಆ ಷೇರನ್ನು ನಾನು ಕೊಳ್ಳಲಿಲ್ಲ.

ಇದಕ್ಕೆ ಎದುರಾಗಿ, ಪೀಣ್ಯದ ಕಡೆಯ ಒಂದು ಯಂತ್ರಭಾಗದ ಕಂಪನಿಯ ವರದಿಯಲ್ಲಿ, ‘ಈ ಉತ್ಪನ್ನಕ್ಕೆ ಬೇಡಿಕೆಯಿದೆ ಎಂದು ನಾವು ಅಂದಾಜು ಮಾಡಿದ್ದು ತಪ್ಪಾಯಿತು, ಹಾಕಿದ ಹಣವನ್ನು ಈ ವರ್ಷದ ಲೆಕ್ಕದಲ್ಲೇ ನಷ್ಟವೆಂದು ಬರೆದಿದ್ದೇವೆ’ ಎಂಬರ್ಥದ ಮಾತು ಓದಿದ್ದೆ. ಲಾಭ ಇಳಿದ ವರ್ಷ ಅದು. ಆದರೂ ಅಂಥವರ ಮೇಲೆ ನನಗೆ ಭರವಸೆ ಹುಟ್ಟುತ್ತದೆ.

ಒಳ್ಳೆಯ ವರ್ಷದಲ್ಲಿ ‘ನಮ್ಮ ದೂರದೃಷ್ಟಿ’, ಕೆಟ್ಟ ವರ್ಷದಲ್ಲಿ ‘ಮಳೆ, ರೂಪಾಯಿ, ಚೀನಾ’ ಎನ್ನುವವರನ್ನೂ ಗುರುತು ಹಾಕಿಕೊಳ್ಳಿ. ಅದೇ ಉದ್ಯಮದ ಪೈಪೋಟಿ ಕಂಪನಿಯ ಆ ವರ್ಷದ ಲೆಕ್ಕ ತೆರೆದರೆ ಮಳೆಯ ಪಾಲೆಷ್ಟು, ಇವರ ಪಾಲೆಷ್ಟು ಎಂದು ತಿಳಿಯುತ್ತದೆ.

3. ಲಾಭ ಕೈಗೆ ಬಂದಿದೆಯೇ ನೋಡಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ನಿಮಗೆ ಸಮಯವಿದ್ದರೆ ಇದನ್ನು ಮಾಡಿ. ಕಾಗದದ ಮೇಲೆ ಲಾಭ ತೋರಿಸುವುದು ಸುಲಭ. ಸರಕು ಕಳಿಸಿ ಬಿಲ್ ಬರೆದರೆ ಲಾಭ ಬಂದಂತೆಯೇ ಲೆಕ್ಕ, ಹಣ ಬಾರದಿದ್ದರೂ. ಹಣ ನಿಜವಾಗಿ ಬಂದದ್ದನ್ನು ತೋರಿಸುವುದು ನಗದು ಹರಿವಿನ ಪಟ್ಟಿ, ಅಂದರೆ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್. ಅದರ ಮೊದಲ ಭಾಗದ ಕೊನೆಯಲ್ಲಿ ದೈನಂದಿನ ವ್ಯವಹಾರದಿಂದ ಬಂದ ನಿವ್ವಳ ನಗದು ಎಂಬ ಸಾಲಿರುತ್ತದೆ.

ಲೆಕ್ಕಕ್ಕಾಗಿ ಕಲ್ಪಿಸಿದ ಒಂದು ಕಂಪನಿ ನೋಡೋಣ. ಐದು ವರ್ಷಗಳ ನಿವ್ವಳ ಲಾಭ ಕ್ರಮವಾಗಿ 40, 48, 57, 66, 79 ಕೋಟಿ ರೂಪಾಯಿ. ಕೂಡಿದರೆ 290 ಕೋಟಿ. ನೋಡಲು ಸೊಗಸಾದ ಏರಿಕೆ. ವ್ಯವಹಾರದಿಂದ ಬಂದ ನಗದು 35, 20, 12, 8, ಕೊನೆಯ ವರ್ಷ ಮೈನಸ್ 5. ಕೂಡಿದರೆ 70 ಕೋಟಿ. ಉಳಿದ 220 ಕೋಟಿ ಎಲ್ಲಿ? ಆಸ್ತಿ–ಹೊಣೆ ಪಟ್ಟಿಯಲ್ಲಿ, ಅಂದರೆ ಬ್ಯಾಲೆನ್ಸ್ ಶೀಟ್‌ನಲ್ಲಿ, ಗ್ರಾಹಕರಿಂದ ಬರಬೇಕಾದ ಬಾಕಿಯ ಸಾಲು ತೆರೆಯಿರಿ. ಮೊದಲ ವರ್ಷ ಮಾರಾಟ 400 ಕೋಟಿ, ಬಾಕಿ 60 ಕೋಟಿ: ಅಂದರೆ ಸುಮಾರು 55 ದಿನಗಳ ಉದ್ರಿ. ಐದನೇ ವರ್ಷ ಮಾರಾಟ 790 ಕೋಟಿ, ಬಾಕಿ 310 ಕೋಟಿ: ಸುಮಾರು 143 ದಿನಗಳ ಉದ್ರಿ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ಈ ದಿನಗಳು ಸಿಗುತ್ತವೆ. ಒಂದೋ ಹಣ ಕೊಡದ ಗಿರಾಕಿಗಳಿಗೆ ಸರಕು ತುಂಬಿಸಿ ಮಾರಾಟ ಹಿಗ್ಗಿಸುತ್ತಿದ್ದಾರೆ, ಇಲ್ಲವೇ ಗಿರಾಕಿಗಳೇ ಇಲ್ಲ. ಎರಡೂ ನಮಗೆ ಬೇಡ. ಹಲವು ವರ್ಷಗಳ ಹಿಂದೆ ಇಂಥದೇ ಬಾಕಿಯನ್ನು ನಾನು ‘ಬೆಳೆಯುವ ಕಂಪನಿಗೆ ಸಹಜ’ ಎಂದು ಸಮಾಧಾನ ಹೇಳಿಕೊಂಡು ಕೈ ಸುಟ್ಟುಕೊಂಡಿದ್ದೇನೆ. ಅಂದಿನಿಂದ ಕಂಪನಿಯ ಕಥೆ ಕೇಳುವ ಮೊದಲು ಐದು ವರ್ಷಗಳ ಲಾಭ ಮತ್ತು ನಗದನ್ನು ಬೇರೆಬೇರೆಯಾಗಿ ಕೂಡಿ ಹೋಲಿಸಿ ನೋಡುತ್ತೇನೆ.

ಇಲ್ಲಿ ಎಡವುವ ಜಾಗಗಳಿವೆ. ಒಂದೇ ವರ್ಷದ ಅಂಕಿ ನೋಡಿ ತೀರ್ಮಾನಿಸಬೇಡಿ, ಐದು ವರ್ಷ ಕೂಡಿಸಿ. ಸವಕಳಿಯನ್ನು, ಅಂದರೆ ಯಂತ್ರ, ಕಟ್ಟಡಗಳು ಸವೆದದ್ದಕ್ಕೆಂದು ಲಾಭದಿಂದ ಕಳೆದ ಮೊತ್ತವನ್ನು, ಮರಳಿ ಸೇರಿಸುವುದರಿಂದ ಆರೋಗ್ಯವಂತ ಕಂಪನಿಯಲ್ಲಿ ನಗದಿನ ಮೊತ್ತ ಲಾಭಕ್ಕಿಂತ ತುಸು ಹೆಚ್ಚೇ ಇರುತ್ತದೆ. ಬಹಳಷ್ಟು ಕಂಪನಿಗಳು ಕಟ್ಟಿದ ಬಡ್ಡಿಯನ್ನು ಪಟ್ಟಿಯ ಕೊನೆಯ ಭಾಗದಲ್ಲಿ ತೋರಿಸುತ್ತವೆ, ಆದ್ದರಿಂದ ಸಾಲ ಹೆಚ್ಚಿರುವ ಕಂಪನಿಯಲ್ಲಿ ಆ ಬಡ್ಡಿಯನ್ನೂ ಕಳೆದು ಹೋಲಿಸಿ. ಬ್ಯಾಂಕು ಮತ್ತು ಹಣಕಾಸು ಕಂಪನಿಗಳಿಗೆ ಈ ಅಳತೆ ಒಗ್ಗುವುದಿಲ್ಲ. ಸಾಲ ಕೊಡುವುದೇ ಅವುಗಳ ಕಸುಬಾದ್ದರಿಂದ ಅಲ್ಲಿ ವಸೂಲಾಗದ ಸಾಲದ ಪ್ರಮಾಣವನ್ನು ನೋಡಬೇಕು.

ಇನ್ನೊಂದು ಗುರುತು. ಬ್ಯಾಂಕಿನಲ್ಲಿ ರಾಶಿ ಹಣವಿದೆ ಎಂದು ತೋರಿಸುತ್ತಾರೆ, ಆದರೆ ಅದಕ್ಕೆ ಬಂದ ಬಡ್ಡಿ ತೀರ ಕಡಿಮೆ, ಜೊತೆಗೆ ಹೊಸ ಸಾಲವನ್ನೂ ಎತ್ತುತ್ತಿದ್ದಾರೆ. ಕೈಯಲ್ಲಿ ಹಣವಿರುವವರು ಬಡ್ಡಿಗೆ ಏಕೆ ಸಾಲ ತರುತ್ತಾರೆ? ಉತ್ತರ ಸಿಗುವವರೆಗೆ ಷೇರು ಮುಟ್ಟಬೇಡಿ. ಸತ್ಯಂನ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ತಪ್ಪೊಪ್ಪಿಗೆ ಪತ್ರದಲ್ಲಿ, ಸತ್ಯಂ ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ ಎಂದು ಹೇಳಿದ್ದರು.

4. ಮನೆಯವರ ಕಂಪನಿಗಳ ಜೊತೆಗಿನ ವ್ಯವಹಾರ ಹುಡುಕಿ

ವಾರ್ಷಿಕ ವರದಿಯ ಪಿಡಿಎಫ್‌ನಲ್ಲಿ ‘ರಿಲೇಟೆಡ್ ಪಾರ್ಟಿ’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಹಾಕಿ ಹುಡುಕಿ. ಪ್ರವರ್ತಕರು, ಅವರ ಕುಟುಂಬದವರು, ಅವರ ಹಿಡಿತದ ಬೇರೆ ಸಂಸ್ಥೆಗಳು: ಇವರನ್ನು ಸಂಬಂಧಿತ ಪಕ್ಷಗಳು ಎನ್ನುತ್ತಾರೆ. ಕಂಪನಿ ಅವರಿಗೆ ಮಾರಿದ್ದು, ಅವರಿಂದ ಕೊಂಡದ್ದು, ಕೊಟ್ಟ ಬಾಡಿಗೆ, ಕೊಟ್ಟ ಸಾಲ, ನಿಂತ ಜಾಮೀನು ಎಲ್ಲವೂ ಟಿಪ್ಪಣಿಯಲ್ಲಿ ಪಟ್ಟಿಯಾಗಿರುತ್ತವೆ. ಅಕ್ಷರ ಸಣ್ಣದು, ತಾಳ್ಮೆಯಿಂದ ಓದಿ.

ಪ್ರವರ್ತಕರ ಕಟ್ಟಡದಲ್ಲಿ ಕಚೇರಿ ಇಟ್ಟು ಊರಿನಲ್ಲಿ ನಡೆಯುವ ಬಾಡಿಗೆ ಕೊಟ್ಟರೆ ದೋಷವಲ್ಲ. ಕಂಪನಿ ತಾನೇ ಬ್ಯಾಂಕಿನಿಂದ ಸಾಲ ತಂದು, ಪ್ರವರ್ತಕರ ಖಾಸಗಿ ಸಂಸ್ಥೆಗೆ ‘ಮುಂಗಡ’ ಎಂದು ಕೊಟ್ಟು, ಅದು ವರ್ಷದಿಂದ ವರ್ಷಕ್ಕೆ ತೀರದೆ ಬೆಳೆಯುತ್ತಿದ್ದರೆ ನಮ್ಮ ಹಣ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗುತ್ತಿದೆ.

ಬೆಂಗಳೂರಿನವರಿಗೆ ಇದರ ನೋವು ಹತ್ತಿರದ್ದು. ನಮ್ಮೂರಿನ ಕಾಫಿ ಡೇ ಎಂಟರ್‌ಪ್ರೈಸಸ್‌ನ ಉಪಕಂಪನಿಗಳಿಂದ ಪ್ರವರ್ತಕರಿಗೆ ಸೇರಿದ ಖಾಸಗಿ ಎಸ್ಟೇಟ್ ಕಂಪನಿಗೆ 3,535 ಕೋಟಿ ರೂಪಾಯಿ ವರ್ಗವಾಗಿತ್ತು ಎಂದು ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿ, 26 ಕೋಟಿ ರೂಪಾಯಿ ದಂಡ ವಿಧಿಸಿತು. ಉಪಕಂಪನಿಗಳಿಂದ ಎಂಬ ಮಾತನ್ನು ಗಮನಿಸಿ. ಮುಖ್ಯ ಕಂಪನಿಯ ಲೆಕ್ಕವನ್ನಷ್ಟೇ ಓದಿದರೆ ಸಾಲದು. ಎಲ್ಲ ಉಪಕಂಪನಿಗಳನ್ನು ಸೇರಿಸಿದ ಕ್ರೋಡೀಕೃತ ಲೆಕ್ಕವನ್ನೇ ತೆರೆಯಿರಿ, ಉಪಕಂಪನಿಗಳ ಪಟ್ಟಿಯ ಮೇಲೂ ಕಣ್ಣಾಡಿಸಿ. ಸಣ್ಣ ವ್ಯವಹಾರಕ್ಕೆ ಇಪ್ಪತ್ತು–ಮೂವತ್ತು ಉಪಕಂಪನಿಗಳಿದ್ದರೆ ಏಕೆ ಎಂಬ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

5. ಲೆಕ್ಕ ಪರಿಶೋಧಕರು ಏನು ಹೇಳಿದ್ದಾರೆ?

ಲೆಕ್ಕ ಪರಿಶೋಧಕರ ವರದಿಯ ಮೊದಲ ಎರಡು ಪುಟ ಓದಿದರೆ ಸಾಕು. ಅಭಿಪ್ರಾಯದ ಮುಂದೆ ‘ಕ್ವಾಲಿಫೈಡ್’ ಎಂಬ ಪದವಿದ್ದರೆ ಮೆಚ್ಚುಗೆ ಎಂದುಕೊಳ್ಳಬೇಡಿ. ಲೆಕ್ಕದ ಯಾವುದೋ ಭಾಗವನ್ನು ಅವರು ಒಪ್ಪಿಲ್ಲ ಎಂದು ಅದರ ಅರ್ಥ. ಹೊಸ ಓದುಗರು ಇಲ್ಲಿ ಬಹಳ ಸಲ ತಪ್ಪುತ್ತಾರೆ.

ಪರಿಶೋಧನಾ ಸಂಸ್ಥೆಯನ್ನು ಗರಿಷ್ಠ 10 ವರ್ಷಗಳಿಗೆ ಬದಲಿಸಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅವಧಿ ಮುಗಿದು ಬದಲಾದರೆ ಸಹಜ. ಅವಧಿಯ ನಡುವೆ ರಾಜೀನಾಮೆ ಕೊಟ್ಟರೆ ಎಚ್ಚರ. ಹಣ್ಣಿನ ಪಾನೀಯ ತಯಾರಿಸುತ್ತಿದ್ದ ಮನ್‌ಪಸಂದ್ ಬೆವರೇಜಸ್‌ನ ಪರಿಶೋಧಕರಾಗಿದ್ದ ಡೆಲಾಯ್ಟ್ ಸಂಸ್ಥೆ 2018ರ ಮೇ ತಿಂಗಳಲ್ಲಿ, ವಾರ್ಷಿಕ ಫಲಿತಾಂಶದ ಹೊಸ್ತಿಲಲ್ಲಿ ಹೊರನಡೆಯಿತು, ಷೇರು ಕುಸಿಯಿತು. ಮರುವರ್ಷ ಕಂಪನಿಯ ಮುಖ್ಯಸ್ಥರು ಜಿಎಸ್‌ಟಿ ವಂಚನೆಯ ಆರೋಪದಲ್ಲಿ ಬಂಧನಕ್ಕೊಳಗಾದರು. ಹಣಕಾಸು ಮುಖ್ಯಾಧಿಕಾರಿ ಮೇಲಿಂದ ಮೇಲೆ ಬದಲಾಗುತ್ತಿದ್ದರೂ ಇದೇ ಎಚ್ಚರ ಬೇಕು.

6. ನಿರ್ದೇಶಕರು ಮತ್ತು ಅವರ ಸಂಬಳ

ಸ್ವತಂತ್ರ ನಿರ್ದೇಶಕರ, ಅಂದರೆ ಪ್ರವರ್ತಕರ ಜೊತೆ ನಂಟಿಲ್ಲದೆ ನಿರ್ದೇಶಕ ಮಂಡಳಿಯಲ್ಲಿ ಕೂರುವವರ, ದೊಡ್ಡ ಹೆಸರು ನೋಡಿ ಮಾರುಹೋಗಬೇಡಿ. ಪ್ರವರ್ತಕರ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಕೊಳ್ಳಲು ಸತ್ಯಂನ ನಿರ್ದೇಶಕ ಮಂಡಳಿ 2008ರ ಡಿಸೆಂಬರ್ 16ರಂದು ಒಪ್ಪಿತ್ತು. ಆ ಮಂಡಳಿಯಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರೂ ಇದ್ದರು, ಕೇಂದ್ರ ಸರ್ಕಾರದ ಮಾಜಿ ಸಂಪುಟ ಕಾರ್ಯದರ್ಶಿಯೂ ಇದ್ದರು. ಅದನ್ನು ನಿಲ್ಲಿಸಿದ್ದು ಹೂಡಿಕೆದಾರರ ಪ್ರತಿಭಟನೆ.

ಸಂಬಳದ ವಿಷಯ: ಲಾಭದಲ್ಲಿರುವ ಕಂಪನಿಯಲ್ಲಿ ಎಲ್ಲ ನಿರ್ದೇಶಕರ ಒಟ್ಟು ಸಂಭಾವನೆ ಸಾಮಾನ್ಯವಾಗಿ ನಿವ್ವಳ ಲಾಭದ ಶೇ 11ನ್ನು ಮೀರುವಂತಿಲ್ಲ, ಮೀರಬೇಕಾದರೆ ಷೇರುದಾರರ ಒಪ್ಪಿಗೆ ಬೇಕು. ನಿರ್ದೇಶಕರ ವೇತನ ನೌಕರರ ಮಧ್ಯಮ ವೇತನದ (ಎಲ್ಲರ ವೇತನವನ್ನು ಏರಿಕೆಯ ಕ್ರಮದಲ್ಲಿ ಬರೆದರೆ ನಟ್ಟನಡುವೆ ಬರುವುದು) ಎಷ್ಟು ಪಟ್ಟು ಎಂಬುದನ್ನೂ ಮಂಡಳಿಯ ವರದಿಯಲ್ಲಿ ಕೊಡಬೇಕು. ಲಾಭ ಇಳಿದ ವರ್ಷ ಮುಖ್ಯಸ್ಥರ ಸಂಬಳ ಏರಿತೇ? ಅಷ್ಟು ನೋಡಿ ಮುಂದೆ ಹೋಗಿ.

7. ಗಳಿಸಿದ ಹಣವನ್ನು ಎಲ್ಲಿ ಹಾಕಿದರು?

ಪ್ರಾಮಾಣಿಕರಾಗಿದ್ದೂ ಹಣವನ್ನು ಹಾಳು ಮಾಡುವವರಿದ್ದಾರೆ. ಐದು ವರ್ಷಗಳಲ್ಲಿ ಬಂದ ನಗದು ಎಲ್ಲಿ ಹೋಯಿತು ಎಂದು ಬರೆಯಿರಿ: ಹೊಸ ಘಟಕಕ್ಕೆ ಎಷ್ಟು, ಸಾಲ ತೀರಿಸಲು ಎಷ್ಟು, ಲಾಭಾಂಶ ಎಷ್ಟು, ಬೇರೆ ಕಂಪನಿ ಕೊಳ್ಳಲು ಎಷ್ಟು. ನಂತರ ಬಂಡವಾಳದ ಮೇಲಿನ ಗಳಿಕೆ, ಅಂದರೆ ತೊಡಗಿಸಿದ ಪ್ರತಿ ನೂರು ರೂಪಾಯಿಗೆ ತೆರಿಗೆ ಮತ್ತು ಬಡ್ಡಿಗೆ ಮುಂಚಿನ ಲಾಭ ಎಷ್ಟು ಎಂದು ನೋಡಿ. ಬಂಡವಾಳ ದುಪ್ಪಟ್ಟಾಗಿ ಈ ಗಳಿಕೆ 22ರಿಂದ 11ಕ್ಕೆ ಇಳಿದಿದ್ದರೆ, ಹೊಸದಾಗಿ ಹಾಕಿದ ಹಣ ಏನೂ ಗಳಿಸಿಲ್ಲ ಎಂದೇ ಅರ್ಥ.

ತಮಗೆ ಗೊತ್ತಿಲ್ಲದ ಉದ್ಯಮಕ್ಕೆ ಸಾಲ ಮಾಡಿ ನುಗ್ಗುವವರ ಬಗ್ಗೆ ನನಗೆ ವಿಶೇಷ ಭಯವಿದೆ. ಮದ್ಯದ ಉದ್ಯಮದಲ್ಲಿ ಭದ್ರವಾಗಿದ್ದ ಬೆಂಗಳೂರಿನ ಸಮೂಹವೊಂದು 2005ರಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಿಸಿತು. ನಮ್ಮೂರಿನದೇ ಏರ್ ಡೆಕ್ಕನ್ ಕಂಪನಿಯನ್ನೂ ಕೊಂಡಿತು. ಆ ವಿಮಾನಯಾನ ಒಂದು ವರ್ಷವೂ ಲಾಭ ತೋರಿಸದೆ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ವರ್ಷವರ್ಷದ ನಷ್ಟ ಮತ್ತು ಸಾಲ ಲೆಕ್ಕದಲ್ಲಿ ಎಲ್ಲರಿಗೂ ಕಾಣುವಂತೆಯೇ ಇದ್ದವು.

8. ಅವರ ಮಾತು ಕೇಳಿ, ನೀವೂ ಕೇಳಿ

ಇಷ್ಟಾದ ಮೇಲೆ ದೂರವಾಣಿ ಸಭೆಯ ಲಿಖಿತ ರೂಪ ತೆರೆಯಿರಿ. ಮೊದಲೇ ಓದಿದರೆ ಮಾತಿನ ಮೋಡಿಗೆ ಒಳಗಾಗುತ್ತೇವೆ, ಅದಕ್ಕೇ ಕೊನೆಗೆ ಇಟ್ಟಿದ್ದೇನೆ. ಮುಂದಿನ ವರ್ಷದ ಬೆಳವಣಿಗೆಯ ಬಗ್ಗೆ ಕೊಡುವ ಶೇಕಡಾವಾರು ಭರವಸೆಗಳನ್ನು ಬದಿಗಿಟ್ಟು ಕಠಿಣ ಪ್ರಶ್ನೆಗಳಿಗೆ ಹೋಗಿ. ‘ಬಾಕಿ ಏಕೆ ಹೆಚ್ಚಿತು?’ ಎಂದು ಕೇಳಿದಾಗ ಅಂಕಿ ಸಹಿತ ಉತ್ತರ ಬಂತೇ, ‘ಆಮೇಲೆ ತಿಳಿಸುತ್ತೇವೆ’ ಎಂದು ಮುಂದಿನ ಪ್ರಶ್ನೆಗೆ ಹೋದರೇ?

ಒಂದೇ ಒಂದು ಷೇರು ಇದ್ದರೂ ವಾರ್ಷಿಕ ಮಹಾಸಭೆಗೆ ಹೋಗುವ ಹಕ್ಕು ನಿಮಗಿದೆ. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿಗಳು ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ಈ ಸಭೆ ನಡೆಸುತ್ತವೆ. 2020ರ ನಂತರ ಬಹಳಷ್ಟು ಸಭೆಗಳು ವಿಡಿಯೊ ಮೂಲಕ ನಡೆಯುವುದರಿಂದ ಬಸವನಗುಡಿಯ ಮನೆಯಲ್ಲಿ ಕುಳಿತು ಮುಂಬೈ ಕಂಪನಿಯ ಅಧ್ಯಕ್ಷರನ್ನು ಪ್ರಶ್ನಿಸಬಹುದು. ಮಾತನಾಡಬೇಕಿದ್ದರೆ ಮೊದಲೇ ಹೆಸರು ನೋಂದಾಯಿಸಬೇಕು, ಕ್ರಮ ಸಭೆಯ ಸೂಚನಾಪತ್ರದಲ್ಲಿರುತ್ತದೆ. ಇಂಗ್ಲಿಷ್ ಸರಾಗವಿಲ್ಲದಿದ್ದರೆ ಪ್ರಶ್ನೆಯನ್ನು ಇಮೇಲ್‌ನಲ್ಲಿ ಕಳುಹಿಸಿ. ಒಂದೇ ಪ್ರಶ್ನೆ ಕೇಳಿ, ಪುಟಸಂಖ್ಯೆ ಸಹಿತ ಕೇಳಿ: ‘ವರದಿಯ ಇಂಥ ಪುಟದ ಪ್ರಕಾರ ಇಂಥ ಸಂಸ್ಥೆಗೆ ಕೊಟ್ಟ ಮುಂಗಡ ಮೂರು ವರ್ಷಗಳಿಂದ ತೀರಿಲ್ಲ, ಯಾವಾಗ ಮರಳುತ್ತದೆ?’ ಪುಟಸಂಖ್ಯೆ ಇರುವ ಪ್ರಶ್ನೆಯನ್ನು ತಳ್ಳಿಹಾಕುವುದು ಅವರಿಗೆ ಕಷ್ಟ.

ಹೆಚ್ಚಿನವರು ಜಾರುವ ಜಾಗಗಳು

ಪ್ರಶಸ್ತಿಯನ್ನು ಗುಣಕ್ಕೆ ಸಾಕ್ಷಿ ಎಂದುಕೊಳ್ಳುವುದು ಮೊದಲನೆಯದು. ತಪ್ಪೊಪ್ಪಿಗೆಗೆ ಕೆಲವೇ ತಿಂಗಳ ಹಿಂದೆ ಸತ್ಯಂಗೆ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಪ್ರಶಸ್ತಿ ಬಂದಿತ್ತು. ಏರುತ್ತಿರುವ ಷೇರು ಬೆಲೆಯನ್ನು ನೋಡಿ ‘ನಡೆಸುವವರು ಸಮರ್ಥರು’ ಎಂದುಕೊಳ್ಳುವುದೂ ಅಂಥದೇ. ಪೇಟೆ ಏರುವಾಗ ಎಲ್ಲರೂ ಸಮರ್ಥರಾಗಿಯೇ ಕಾಣುತ್ತಾರೆ.

ಇದರ ವಿರುದ್ಧದ ತಪ್ಪೂ ಇದೆ: ಆರೋಪ ಕೇಳಿದ ಕೂಡಲೇ ಓಡುವುದು. 2019ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್ ಮುಖ್ಯಸ್ಥರ ವಿರುದ್ಧದ ಅನಾಮಧೇಯ ದೂರು ಹೊರಬಿದ್ದಾಗ ಷೇರು ಒಂದೇ ದಿನದಲ್ಲಿ ಶೇ 16ರಷ್ಟು ಬಿದ್ದಿತು. ಕಂಪನಿಯ ಲೆಕ್ಕ ಪರಿಶೋಧನಾ ಸಮಿತಿ ಹೊರಗಿನವರ ನೆರವಿನಿಂದ ತನಿಖೆ ನಡೆಸಿ, ಹಣಕಾಸು ಅಕ್ರಮಕ್ಕೆ ಪುರಾವೆ ಸಿಗಲಿಲ್ಲ ಎಂದು 2020ರ ಜನವರಿಯಲ್ಲಿ ಪ್ರಕಟಿಸಿತು. ಆರೋಪ ಬಂದಾಗ ಕಂಪನಿ ಬಾಗಿಲು ಹಾಕಿಕೊಂಡಿತೇ, ತನಿಖೆ ಮಾಡಿಸಿ ಫಲ ಹೇಳಿತೇ ಎಂಬುದನ್ನು ನೋಡಿ.

ಕೊನೆಯದಾಗಿ, ನಡೆಸುವವರು ಒಳ್ಳೆಯವರೆಂದು ಗೊತ್ತಾದ ಮಾತ್ರಕ್ಕೆ ಯಾವ ಬೆಲೆಗಾದರೂ ಕೊಳ್ಳಬಹುದು ಎಂದಲ್ಲ. ಬೆಲೆಯ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕು.

ಕೊಂಡ ಮೇಲೆ ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕಬೇಡಿ. ಪ್ರತಿ ವರ್ಷ ಹೊಸ ವರದಿ ಬಂದಾಗ ಅದೇ ಪುಟ ತೆರೆದು ಒಂದು ಸಾಲು ಸೇರಿಸಿ, ಲಾಭ ಮತ್ತು ನಗದಿನ ಮೊತ್ತವನ್ನು ಮುಂದುವರಿಸಿ, ಸಂಬಂಧಿತ ಪಕ್ಷಗಳ ಪಟ್ಟಿಯಲ್ಲಿ ಹೊಸ ಹೆಸರು ಬಂದಿದೆಯೇ ನೋಡಿ. ಒಂದು ಕಂಪನಿಗೆ ಎರಡು ಗಂಟೆ ಹಿಡಿಯುತ್ತದೆ. ಹದಿನೈದು ಕಂಪನಿಗಳ ಷೇರು ಇಟ್ಟುಕೊಂಡು ಅಷ್ಟು ಸಮಯ ಸಿಗದಿದ್ದರೆ, ನೀವು ಪ್ರತಿ ವರ್ಷ ಓದಬಲ್ಲಷ್ಟು ಕಂಪನಿಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಹಣವನ್ನು ಸೂಚ್ಯಂಕ ನಿಧಿಗೆ, ಅಂದರೆ ನಿಫ್ಟಿಯಂಥ ಸೂಚ್ಯಂಕದ ಎಲ್ಲ ಷೇರುಗಳನ್ನೂ ಕೊಳ್ಳುವ ಮ್ಯೂಚುವಲ್ ಫಂಡಿಗೆ ಹಾಕಿ.